ಬಗಲಾನ ತುರಿಕಿಗೆ ಆ ಟ್ಯೂಬ್ ಇನ್ನ ಸಾಕ ಮಾಡ್ರಿ

ಮಳಿಗಾಲ ಬಂತಂದ್ರ ನಮ್ಮ ಭೋಜದಾಗ ಹೆಣ್ಮಕ್ಕಳ ಕೈ ಸೆರಗಿನ ಮರಿಗೆ ಬಗಲಿಗೇ ಹೋಗತೈತಿ. ದೂಧಗಂಗಾ, ವೇದಗಂಗಾ ಎರಡೂ ತುಂಬಿರತಾವ, ಒಣಾ ಹಾಕಿದ ಜಂಪರ ಎರಡ ದಿನ ಆದ್ರೂ ಹಸೀನ ಇರತೈತಿ. ಅದನ್ನ ಹಂಗ ಹಾಕ್ಕೊಂಡ ಕಬ್ಬಿನ ಹೊಲಕ್ಕ ಹೋಗತೀವಿ. ತುರಿಕಿ ಎದ್ದಿತಂದ್ರ ಮೆಡಿಕಲ್ ಅಂಗಡಿಗೆ ಹುಡುಗನ್ನ ಕಳಸಿ ಗಜಕರ್ಣದ ಟ್ಯೂಬ್ ತರಸೋದು. ನನ್ನ ತಕರಾರ ಇರೂದ ಆ ಟ್ಯೂಬಿನ ಮ್ಯಾಲ.

ಅದರ ಡಬ್ಬಿ ಮ್ಯಾಲೆ ಬರದಿದ್ದನ್ನ ಎಂದರ ಓದೀರೇನ್ರಿ? ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇತ್ತಂದ್ರ ಅದು ಸ್ಟೆರಾಯ್ಡ್. ಗಜಕರ್ಣ ಅಂದ್ರ ಫಂಗಸ್, ರೊಟ್ಟಿಗೆ ಹಿಡಿಯೂ ಬೂಸ್ಟಿನ ಜಾತಿ. ಸ್ಟೆರಾಯ್ಡ್ ಅದನ್ನ ಕೊಲ್ಲಂಗಿಲ್ಲ. ಕೆಂಪು, ಉರಿ, ತುರಿಕಿ ಮಾತ್ರ ಅಡಗಸತೈತಿ. "ಹಚ್ಚಿದ ಮೂರ ದಿನಕ್ಕ ಕಡಿಮಿ ಆತಲ್ಲ" ಅಂತೀರಿ. ಹೌದ, ಮ್ಯಾಲ ಕಡಿಮಿ ಆತು, ಒಳಗ ಫಂಗಸ್ ಆರಾಮ ಬೆಳೀತು. ಬಿಟ್ಟ ಕೂಡಲೆ ಮೊದಲಿಗಿಂತ ಅಗಲ ಆಗಿ ಏಳತೈತಿ. ಬಗಲ ಯಾವಾಗ್ಲೂ ಮುಚ್ಚಿದ ಜಾಗಾ, ಔಷಧಾ ಹೆಚ್ಚ ಹೀರಕೊಳ್ಳತೈತಿ. ಚರ್ಮ ತೆಳ್ಳಗ ಆಗಿ ಬಸರಿ ಹೊಟ್ಟಿ ಮ್ಯಾಲಿನಂಥ ಗೀರು ಬೀಳತಾವ, ಅವು ಹೋಗೂದಿಲ್ಲ. 2018ರಾಗ ಕೇಂದ್ರ ಸರಕಾರ ಇಂಥಾ 14 ಸ್ಟೆರಾಯ್ಡ್ ಮುಲಾಮು ಡಾಕ್ಟರ ಚೀಟಿ ಇಲ್ದ ಮಾರಬಾರದು ಅಂತ ಹುಕುಮ್ ಮಾಡೇತಿ. ನಾವು ನೋಡಿದ್ರ ಒಂದ ಟ್ಯೂಬ್ ವೈನಿ, ಕಾಕಿ, ಬಾಜೂ ಮನಿ ಮಾವಶಿ ಅಂತ ಓಣಿತುಂಬ ತಿರಗಸತೀವಿ!

ಮತ್ತ ಬಗಲಾನ ತುರಿಕಿ ಎಲ್ಲಾ ಗಜಕರ್ಣ ಅಲ್ಲ. ಅಂಚು ಉಬ್ಬಿ ನಡುವ ತಿಳಿ ಆಗಿದ್ರ ಗಜಕರ್ಣ. ಮಡಿಕಿಯೊಳಗ ಹಸಿ ಕೆಂಪಾಗಿ ಸುತ್ತ ಸಣ್ಣ ಗುಳ್ಳಿ ಇದ್ರ ಅದು ಬ್ಯಾರೆ ಫಂಗಸ್, ಸಕ್ಕರಿ ರೋಗದಾವರಿಗೆ ಹೆಚ್ಚ. ಸೆಂಟ್ ಹೊಡಕೊಂಡ ಮ್ಯಾಲ ಬಗಲಿನ ನಡು ತಗ್ಗಿನಾಗ ಉರದ್ರ ಸೆಂಟ್ ಬಿಡ್ರಿ. ತಗ್ಗ ಬಿಟ್ಟ ಸುತ್ತಲಿನ ಅಂಚಷ್ಟ ಕೆಂಪಾದ್ರ ಜಂಪರದ ಬಟ್ಟಿ ಇಲ್ಲಾ ಅದರ ಬಣ್ಣದ ಮ್ಯಾಲ ಸಂಶೇ ಪಡ್ರಿ. ಲಿಂಬಿಹಣ್ಣು, ಅಡಗಿ ಸೋಡಾ ತಿಕ್ಕೂದಂತೂ ಸುಟ್ಟ ಗಾಯಕ್ಕ ಖಾರ ಹಚ್ಚಿದಂಗ. ಬದನಿಕಾಯಿ ತಿಂದಿದ್ದಕ್ಕ ಬಂತು ಅಂತ ಸೊಸಿಗೆ ಬೈಯೂದೂ ಬಿಡ್ರಿ, ಬದನಿಕಾಯಿಗೂ ಫಂಗಸ್‌ಗೂ ಸಂಬಂಧ ಇಲ್ಲ.

ಗಜಕರ್ಣ ಅಂತ ಡಾಕ್ಟರ ಹೇಳಿದ್ರ ಸ್ಟೆರಾಯ್ಡ್ ಇಲ್ಲದ ಮುಲಾಮು ಕೇಳ್ರಿ. ಕಾಣೂ ಅಂಚಿಗಿಂತ ಒಂದಿಷ್ಟ ಹೊರಗೂ ಹಚ್ಚಬೇಕು, ಗುಣ ಆದಂಗ ಕಂಡ ಮ್ಯಾಲೂ ಎರಡ ವಾರ ಬಿಡಬಾರದು. ಮನ್ಯಾಗ ಎಷ್ಟ ಮಂದಿಗೆ ಐತಿ ಅಷ್ಟೂ ಮಂದಿಗೆ ಒಮ್ಮೆಗೇ ಔಷಧಾ ಆಗಬೇಕು, ಟಾವೆಲ್ ಬ್ಯಾರೆ ಬ್ಯಾರೆ. ಇನ್ನ ನಮ್ಮ ಜಂಪರ, ಒಳಬಟ್ಟಿ. ಗಂಡಸರ ಬನಿಯನ್ ಅಂಗಳದಾಗ ಬಿಸಲಿಗೆ ರಾಜನಂಗ ತೂಗತಿರತಾವ, ನಮ್ಮವು ಸೀರಿ ಕೆಳಗ ಕತ್ತಲದಾಗ! ಯಾರ ಕಂಡ್ರ ಏನಾಗತೈತ್ರಿ? ಬಿಸಲಿಗೇ ಹಾಕ್ರಿ, ಬಿಸಲ ಇಲ್ಲದಾಗ ಇಸ್ತ್ರಿ ಎಳೀರಿ.

ಪದೇ ಪದೇ ಬಂದ್ರ ಸಕ್ಕರಿ ತಪಾಸ ಮಾಡಸ್ರಿ. ಬಗಲಾಗ ಗಂಟು ಕೈಗೆ ಹತ್ತಿದ್ರ, ಇಲ್ಲಾ ಕುರು ಎದ್ದು ಒಡದು ಮತ್ತ ಅಲ್ಲೇ ಎದ್ರ ಮುಲಾಮಿನ ಮಾತ ಬ್ಯಾಡ, ಆ ವಾರದಾಗ ಡಾಕ್ಟರಿಗೆ ತೋರಸ್ರಿ. ಬೆಳಗಾವಿ ಬಿಮ್ಸ್ ದವಾಖಾನಿಯೊಳಗ ಚರ್ಮದ ವಿಭಾಗ ಐತಿ. ಹೋಗುವಾಗ ಹಚ್ಚಿದ ಟ್ಯೂಬ್ ಖಾಲಿ ಆಗಿದ್ರೂ ಚೀಲದಾಗ ಹಾಕ್ಕೊಂಡ ಹೋಗ್ರಿ.