ಮೆಚ್ಚುಗೆಯೇ ಅಳತೆಗೋಲಾದಾಗ

ಭಾಷಾ ಮಾದರಿಗೆ ಮೊದಲು ಕಲಿಸುವುದು ಒಂದೇ ಕೆಲಸ: ಇಷ್ಟು ಪಠ್ಯ ಕೊಟ್ಟರೆ ಮುಂದೆ ಬರುವ ತುಣುಕು ಯಾವುದೆಂದು ಊಹಿಸುವುದು. ಊಹೆ ತಪ್ಪಿದಾಗಲೆಲ್ಲ ಅದರೊಳಗಿನ ಸಂಖ್ಯೆಗಳು ಎಳ್ಳಷ್ಟೆಳ್ಳಷ್ಟೇ ಬದಲಾಗುತ್ತವೆ. 2020ರ ಜಿಪಿಟಿ-3 ಎಂಬ ಮಾದರಿಯಲ್ಲಿ ಇಂಥ ಸಂಖ್ಯೆಗಳು 17,500 ಕೋಟಿ. ಈ ಅಭ್ಯಾಸದಿಂದಲೇ ವ್ಯಾಕರಣವೂ ಒಂದಿಷ್ಟು ಲೋಕಜ್ಞಾನವೂ ಕೈಗೂಡುತ್ತವೆ. ಆದರೆ ಅಂತರ್ಜಾಲದಲ್ಲಿ ನಿಜವೂ ಇದೆ, ಗಾಳಿಸುದ್ದಿಯೂ ಇದೆ. ಊಹಿಸುವ ಯಂತ್ರಕ್ಕೆ ಎರಡೂ ಪಠ್ಯವೇ.

ಹಾಗಾಗಿ ಎರಡನೇ ಸುತ್ತಿನ ಪಾಠ ಬೇಕಾಗುತ್ತದೆ. ಒಂದೇ ಪ್ರಶ್ನೆಗೆ ಬಂದ ಹಲವು ಉತ್ತರಗಳಲ್ಲಿ ಯಾವುದು ಮೇಲೆಂದು ಜನರಿಂದ ಹೇಳಿಸಿ, ಆ ಆಯ್ಕೆಗಳ ಆಧಾರದ ಮೇಲೆ ಅಂಕ ಕೊಡುವ ಇನ್ನೊಂದು ಮಾದರಿಯನ್ನು ಕಟ್ಟುತ್ತಾರೆ. ಹೆಚ್ಚು ಅಂಕ ಸಿಗುವಂತೆ ಮೂಲ ಮಾದರಿಯನ್ನು ತಿದ್ದುತ್ತಾರೆ. 2022ರಲ್ಲಿ ಓಪನ್‌ಎಐ ಕಂಪನಿ ಹೀಗೆ ತಿದ್ದಿದ, ಬರೀ 130 ಕೋಟಿ ಸಂಖ್ಯೆಗಳ ಮಾದರಿಯ ಉತ್ತರಗಳೇ ಜಿಪಿಟಿ-3ರವುಗಳಿಗಿಂತ ಪರೀಕ್ಷಕರಿಗೆ ಹೆಚ್ಚು ಹಿಡಿಸಿದವು.

ಆದರೆ ಇಲ್ಲಿ ಅಳೆದದ್ದು ಮೆಚ್ಚುಗೆಯನ್ನು. 2017ರಲ್ಲಿ ಸಂಶೋಧಕರು ಇದೇ ವಿಧಾನದಿಂದ, ಕಂಪ್ಯೂಟರಿನೊಳಗಿನ ಕೃತಕ ರೋಬಾಟಿಗೆ ವಸ್ತುವನ್ನು ಹಿಡಿಯಲು ಕಲಿಸಹೊರಟರು. ಅದು ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಕೈ ಒಡ್ಡಿತು, ಅಷ್ಟೇ. ನೋಡುವವರ ಕಣ್ಣಿಗೆ ಹಿಡಿದ ಹಾಗೇ ಕಂಡಿತು, ಅಂಕವೂ ಸಿಕ್ಕಿತು. ಇದಕ್ಕೆ ಮೋಸದ ಬುದ್ಧಿ ಬೇಕಿಲ್ಲ. ಅಂಕ ಎತ್ತ ಕರೆಯಿತೋ ಕಲಿಕೆ ಅತ್ತ ಹರಿಯಿತು.

ಮಾತಿನಲ್ಲಿ ಇದೇ ದೋಷ ಮುಖಸ್ತುತಿಯಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಯ ಹೊಸ ಪರಿಷ್ಕರಣೆಯನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು: ಬಳಕೆದಾರರು ಏನೇ ಹೇಳಿದರೂ ಅದು ಹೌದಪ್ಪನಂತೆ ತಲೆದೂಗುತ್ತಿತ್ತು.

ಇದನ್ನು ತಪ್ಪಿಸಲು ಕಟ್ಟುನಿಟ್ಟಾದ ನಿಯಮಗಳನ್ನು ಬರೆದಿಟ್ಟರೆ ಸಾಲದೇ ಎನ್ನಬಹುದು. ನಿದ್ರೆ ಮಾತ್ರೆ ಎಷ್ಟಾದರೆ ಅಪಾಯ ಎಂದು ಒಬ್ಬರು ಕೇಳಿದರೆನ್ನಿ. ಕೇಳುತ್ತಿರುವವರು ತಾಯಿಯ ಆರೈಕೆ ಮಾಡುತ್ತಿರುವ ಮಗಳೋ ಬದುಕಿನಿಂದ ಬೇಸತ್ತವರೋ ನಿಯಮಕ್ಕೆ ತಿಳಿಯದು. ನಿಯಮ ಬೇಕು, ಆದರೆ ಅದನ್ನು ಸಂದರ್ಭಕ್ಕೆ ಅನ್ವಯಿಸುವ ವಿವೇಚನೆಯನ್ನು ಮತ್ತೆ ಉದಾಹರಣೆ, ಜನರ ತೀರ್ಪುಗಳಿಂದಲೇ ಕಲಿಸಬೇಕು.

ಆದ್ದರಿಂದ ಯಂತ್ರದ ಜಾಣತನ ಹೆಚ್ಚಿದಷ್ಟೂ ತೀರ್ಪುಗಾರರ ಮಿತಿಯೇ ದೊಡ್ಡ ಸಮಸ್ಯೆಯಾಗುತ್ತದೆ. ಸಾವಿರಾರು ಸಾಲಿನ ಪ್ರೋಗ್ರಾಮನ್ನು ಕಣ್ಣಾಡಿಸಿ ಒಪ್ಪುವವರು ಅದರ ಅಚ್ಚುಕಟ್ಟಿಗೆ ಅಂಕ ಕೊಟ್ಟಾರೇ ಹೊರತು ಸರಿತನಕ್ಕಲ್ಲ. ಅದನ್ನು ಓಡಿಸಿ ನೋಡುವುದು, ವಿಷಯ ಬಲ್ಲವರಿಂದ ಪರೀಕ್ಷೆ ಮಾಡಿಸುವುದು, ಮಾದರಿಯ ಒಳಗೇ ಇಣುಕಿ ಉತ್ತರ ಹೇಗೆ ಹುಟ್ಟಿತೆಂದು ಹುಡುಕುವುದು ದುಬಾರಿ ಕೆಲಸಗಳು. ಮಾದರಿಯನ್ನು ಬೆಳೆಸಲು ಸುರಿಯುವ ಹಣದ ಜೊತೆಗೇ ಈ ತಪಾಸಣೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ನಾವು ಪಡೆಯುವುದು ನಮ್ಮನ್ನು ಒಪ್ಪಿಸುವುದರಲ್ಲಿ ಪಳಗಿದ ಯಂತ್ರವನ್ನೇ.