ಮೇಕೆ ಬಾಲ ಬಡಿದ ದಿನ ಬರೆದಿಟ್ಟುಕೊಳ್ಳಿ

ಊರಲ್ಲಿ ಅಪ್ಪ ಅಮ್ಮ ನಾಲ್ಕೈದು ಮೇಕೆ ಸಾಕಿಕೊಂಡಿದ್ದಾರಾ? ಹಾಗಿದ್ರೆ ಈ ವಾರದ ಅಂಕಣ ನಿಮಗೇ.

ನಮ್ಮ ಮನೆಯಲ್ಲೂ ನಾಲ್ಕಿವೆ. ಹೋತ ಮಾತ್ರ ಪಕ್ಕದ ಹಟ್ಟಿಯವರದು. "ಕರಿ ಮೇಕೆ ರಾತ್ರಿಯಿಂದ ಒಂದೇ ಸಮ ಅರಚ್ತಿದೆ ಕಣೋ, ಮೇವೂ ಮುಟ್ತಿಲ್ಲ" ಅಂತ ಅಮ್ಮ ಫೋನ್ ಮಾಡಿದರೆ ನಾನು ಮೊದಲು ಕೇಳೋದು ಬಾಲದ ಬಗ್ಗೆ. ಬಾಲವನ್ನು ಬಿಡದೆ ಅತ್ತಿತ್ತ ಬಡಿಯುತ್ತಿದ್ದರೆ, ಬಾಲದ ಕೆಳಗೆ ಊದಿ ಕೆಂಪಾಗಿ ಲೋಳೆ ಸೋರುತ್ತಿದ್ದರೆ ಅದು ಬೆದೆ. ಜೊತೆಯ ಮೇಕೆ ಮೈಮೇಲೆ ಹತ್ತಿದಾಗ ಕದಲದೆ ನಿಂತರೆ ಅನುಮಾನವೇ ಬೇಡ.

ಬೆದೆ ಇರುವುದು ಸಾಮಾನ್ಯವಾಗಿ 24ರಿಂದ 48 ಗಂಟೆ. ಅಂಡ ಬಿಡುಗಡೆಯಾಗೋದು ಅದರ ಕೊನೆಯ ಹೊತ್ತಿಗೆ. ಅದಕ್ಕೇ ಬೆಳಗ್ಗೆ ಲಕ್ಷಣ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಹೋತದ ಹತ್ತಿರ ಬಿಡಬೇಕು. 12 ಗಂಟೆ ಕಳೆದು ಇನ್ನೊಮ್ಮೆ ಬಿಟ್ಟರೆ ಇನ್ನೂ ಒಳ್ಳೆಯದು. "ಭಾನುವಾರ ನೋಡೋಣ" ಅಂತ ಕೂತರೆ ಬೆದೆ ಇಳಿದಿರುತ್ತೆ. ಮತ್ತೆ ಬರೋದು ಸುಮಾರು 21 ದಿನಕ್ಕೆ.

ಲೆಕ್ಕ ಹಾಕಿ ನೋಡಿ. ಗಬ್ಬದ ಅವಧಿ ಸುಮಾರು 150 ದಿನ. ಮರಿ ಹಾಕಿದ ಮೂರು ತಿಂಗಳಿಗೆ ಮತ್ತೆ ಗಬ್ಬ ಕಟ್ಟಿದರೆ ಎರಡು ವರ್ಷಕ್ಕೆ ಮೂರು ಸೂಲು. ಪ್ರತಿ ಸಲ ಮೂರು ಬೆದೆ ತಪ್ಪಿದರೆ 63 ದಿನ ಹೋಯ್ತು; ಎಂಟು ತಿಂಗಳ ಸುತ್ತು ಹತ್ತಾಗುತ್ತೆ, ಮೂರನೇ ಸೂಲು ಆ ಎರಡು ವರ್ಷದೊಳಗೆ ಸಿಗಲ್ಲ. ಮರಿ ಮಾರಿದ ದುಡ್ಡಲ್ಲೇ ಸ್ಕೂಲ್ ಫೀಸು ಕಟ್ಟೋ ಮನೆಗೆ ಇದು ಸಣ್ಣ ನಷ್ಟವಲ್ಲ.

ಚಳಿದೇಶದ ಮೇಕೆಗಳು ಹಗಲು ಕಿರಿದಾಗುವ ಕಾಲದಲ್ಲಿ ಬೆದೆಗೆ ಬರುತ್ತವೆ. ನಮ್ಮ ನಂದಿದುರ್ಗ, ಬಿದರಿಯಂಥ ನಾಡತಳಿಗಳಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಯಾವ ತಿಂಗಳಲ್ಲಾದರೂ ಬರಬಹುದು. ಆದರೆ ಮೇವಿಲ್ಲದೆ ಮೈ ಇಳಿದರೆ ಬೆದೆಯೂ ತಡ. ಹಾಗೆ ನಿಂತುಹೋದಾಗ ಹೊಟ್ಟೆ ತುಂಬ ಮೇವು ಕೊಟ್ಟು, ಹೋತವನ್ನು ಮೂರ್ನಾಲ್ಕು ವಾರ ವಾಸನೆಯೂ ತಾಗದಷ್ಟು ದೂರವಿಟ್ಟು ಆಮೇಲೆ ಹತ್ತಿರ ತಂದು ಕಟ್ಟಿ. ಎಷ್ಟೋ ಮೇಕೆಗಳು ಹತ್ತು ದಿನದೊಳಗೆ ಬೆದೆಗೆ ಬರುತ್ತವೆ. ಒಂದೇ ಎಚ್ಚರ: ಅದೇ ಹೋತಕ್ಕೆ ಹುಟ್ಟಿದ ಮೇಕೆಯನ್ನು ಮತ್ತೆ ಅದರ ಹತ್ತಿರವೇ ಬಿಡಬೇಡಿ.

ಇಷ್ಟಕ್ಕೆ ಹೊಸ ಆ್ಯಪ್ ಏನೂ ಬೇಡ. ಹೋತಕ್ಕೆ ಬಿಟ್ಟ ದಿನವನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ, ಎರಡು ಅಲಾರಾಂ ಇಡಿ. ಮೊದಲನೆಯದು 18ನೇ ದಿನಕ್ಕೆ: ಅಲ್ಲಿಂದ 22ನೇ ದಿನದವರೆಗೆ ಮತ್ತೆ ಬಾಲ ಬಡಿದರೆ ಗಬ್ಬ ನಿಂತಿಲ್ಲ, ಪುನಃ ಬಿಡಬೇಕು. ಎರಡನೆಯದು 145ನೇ ದಿನಕ್ಕೆ: ಕೊಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಕಾಯೋಕೆ. ಅಲಾರಾಂ ಹೊಡೆದಾಗ ನೀವು ಮೀಟಿಂಗಲ್ಲೇ ಇರಬಹುದು. ಹೊರಗೆ ಬಂದ ತಕ್ಷಣ ಊರಿಗೆ ಒಂದು ಕಾಲ್ ಮಾಡಿ.