ಕೋವಿಗೆ ಸಾಲ ಇಲ್ಲ, ಸರಿ. ಕೋವಿಗೆ ಜಾತಿ ಯಾಕೆ?



ಫೋನು, ಫ್ರಿಜ್ಜು, ಬೈಕು ಎಲ್ಲಾ ಕಂತಿನಲ್ಲಿ ಸಿಗೋ ಕಾಲ ಇದು. ಆದ್ರೆ ಕೋವಿಗೆ ಅಂತ ಸಾಲ ಕೊಡೋ ಬ್ಯಾಂಕನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅಮೆರಿಕದಲ್ಲಿ ಕಂತಿನ ಮೇಲೆ ಕೋವಿ ಮಾರೋ ಅಂಗಡಿಗಳಿವೆ. 2018ರಲ್ಲಿ ಫ್ಲೋರಿಡಾದ ಶಾಲೆಯೊಂದರಲ್ಲಿ ಮಕ್ಕಳು ಗುಂಡಿಗೆ ಬಲಿಯಾದ ಮೇಲೆ ಸಿಟಿ ಬ್ಯಾಂಕಿನವರು ತಮ್ಮ ಗ್ರಾಹಕರಾದ ಅಂಗಡಿಗಳಿಗೆ ಷರತ್ತು ಹಾಕಿದ್ರು, 21 ವರ್ಷ ಆಗದವರಿಗೆ ಕೋವಿ ಮಾರಬೇಡಿ ಅಂತ. 2025ರಲ್ಲಿ ಆ ಷರತ್ತನ್ನೂ ಕೈಬಿಟ್ರು. ಅಲ್ಲಿ ಅದು ಬ್ಯಾಂಕಿನ ಮರ್ಜಿ.

ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ವರ್ಗಾವಣೆ' ಅಂದ್ರೆ ಬಾಡಿಗೆಗೆ ಕೊಡೋದು, ಎರವಲು ಕೊಡೋದು, ದಾನ ಕೊಡೋದು, ಕೈಬಿಟ್ಟು ಕೊಡೋದು ಎಲ್ಲಾ ಸೇರುತ್ತೆ. ಹೊಂದೋ ಹಕ್ಕಿಲ್ಲದವರ ಕೈಗೆ ಕೋವಿ ಕೊಟ್ರೆ ಅಪರಾಧ. ಸ್ವಂತ ಕೋವಿ ಮಾರಬೇಕಾದ್ರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕಂತು ಕಟ್ಟದಿದ್ರೆ ಫೈನಾನ್ಸಿನವರು ಬೈಕು ಎತ್ಕೊಂಡು ಹೋಗ್ತಾರೆ, ಕೋವಿ ಎತ್ಕೊಂಡು ಹೋಗೋಕಾಗಲ್ಲ. ಎತ್ಕೊಂಡು ಹೋಗೋಕಾಗದ ಮಾಲಿಗೆ ಅವರು ಯಾಕೆ ದುಡ್ಡು ಹಾಕ್ತಾರೆ?

ಈ ಕಟ್ಟುಪಾಡು ನನಗೆ ಒಪ್ಪಿಗೆ. ಸಾಲದಲ್ಲೇ ಮುಳುಗಿರೋ ಜಿಲ್ಲೆಯಲ್ಲಿ ಕೋವಿಯೂ ಅಡವಿಗೆ ಬಿದ್ದು ಕೈಯಿಂದ ಕೈಗೆ ಓಡಾಡಿದ್ರೆ ಮೊದಲು ಸಾಯೋದು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಕರಾರು ಬೇರೆ. ಕೊಡುವಾಗ, ಕೊಳ್ಳುವಾಗ ಇಷ್ಟು ಬಿಗಿಯಾಗಿರೋ ಕಾನೂನು ಕೊಡಗಿಗೆ ಬಂದ ಕೂಡಲೇ ಹುಟ್ಟು ನೋಡಿ ಸಡಿಲ ಆಗುತ್ತೆ. ಕೂರ್ಗ್ ಜನಾಂಗಕ್ಕೆ ಸೇರಿದವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ ಅಂತ 1963ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಇದರ ಬೇರು ಬ್ರಿಟಿಷರ ಕಾಲದ್ದು. 2019ರಲ್ಲಿ ಅದನ್ನೇ ಮತ್ತೆ ಹತ್ತು ವರ್ಷಕ್ಕೆ, ಅಂದ್ರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದ್ರು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡಿತು. ಅವರದು ಯೋಧ ಸಮುದಾಯ, ವಿನಾಯಿತಿ ಶಾಶ್ವತವೇನಲ್ಲ, ಹತ್ತು ವರ್ಷಕ್ಕೆ ಮಾತ್ರ ಅಂತ ಕೋರ್ಟು ಹೇಳಿತು. ಕೋರ್ಟಿನ ಮಾತಿಗೆ ತಲೆಬಾಗೋಣ. ಆದ್ರೆ ಶಾಶ್ವತವಲ್ಲ ಅಂದ ಮೇಲೆ ಮುಂದೇನು ಅಂತ ಕೇಳೋ ಹಕ್ಕು ನಮಗಿದೆ.

ನಾನೊಬ್ಬ ಗುಮಾಸ್ತ. ಅರ್ಜಿ, ಕಾಲಂ, ಲಗತ್ತು ನೋಡಿ ನೋಡಿಯೇ ಬದುಕು ಸವೆದಿದೆ. ಶಸ್ತ್ರಾಸ್ತ್ರ ಕಾಯ್ದೆಯ 14ನೇ ಸೆಕ್ಷನ್ ಓದಿ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಬಾರದು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ಕಾಯ್ದೆಯ ಕೆಳಗೆ ಕೊಡಗಿನಲ್ಲಿ ಜಮ್ಮಾ ಭೂಮಿ ಇದ್ದವನಿಗೆ ಲೈಸೆನ್ಸೇ ಬೇಡ! ಆಸ್ತಿ ಇಲ್ಲದಿರೋದು ಅನರ್ಹತೆ ಅಲ್ಲ ಅಂದ್ರೆ ಆಸ್ತಿ ಇರೋದು ಅರ್ಹತೆ ಹೇಗಾಯ್ತು?

ಬ್ಯಾಂಕಿಗೆ ಹೋದ್ರೂ ಇದೇ ಕಥೆ. ಸಾಲ ಸಿಗೋದು ಪಹಣಿಗೆ. ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದವರ ಹತ್ತಿರ ಪಹಣಿ ಎಲ್ಲಿಂದ ಬರಬೇಕು? 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳನ್ನು ತಗೊಂಡು ಹೋಯ್ತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲನ್ನು ಸರ್ಕಾರವೇ ಕಿತ್ತು ಹಾಕಿತು. ಎರಡೂ ಕಡೆ ಉಳಿದ ಪ್ರಶ್ನೆ ಒಂದೇ: ನಿಂತ ನೆಲ ಯಾರದ್ದು?

ಕಾಗದ ಇಲ್ಲದವನು ಸಾಲಕ್ಕೆ ಎಲ್ಲಿಗೆ ಹೋಗ್ತಾನೆ? ಸಂಘಕ್ಕೆ, ಮೈಕ್ರೋಫೈನಾನ್ಸಿಗೆ, ಕೊನೆಗೆ ಸಾವ್ಕಾರ್ರ ಮುಂಗಡಕ್ಕೆ. ಆ ಮುಂಗಡ ತೀರಿಸೋಕೆ ದುಡಿಸಿಕೊಳ್ಳೋದನ್ನು ಜೀತ ಅಂತ 1976ರ ಕಾಯ್ದೆ ನಿಷೇಧಿಸಿದೆ. ಆದ್ರೂ ಮುಂಗಡದ ಲೆಕ್ಕದ ಪುಸ್ತಕ ಮತ್ತು ಗೋಡೆಗೆ ತೂಗುಹಾಕಿದ ಕೋವಿ ಒಂದೇ ಮನೆಯಲ್ಲಿದ್ರೆ, 'ಲೆಕ್ಕ ಸರಿಯಿಲ್ಲ ಸಾವ್ಕಾರೇ' ಅಂತ ಹೇಳೋ ಧೈರ್ಯ ಯಾವ ಕೂಲಿಯವನಿಗೆ ಬರುತ್ತೆ? ಕೋವಿ ಹಾರಬೇಕು ಅಂತೇನಿಲ್ಲ. ಅಲ್ಲಿದ್ರೆ ಸಾಕು.

ಇನ್ನೊಂದು ವಿಷಯವನ್ನು ನಮ್ಮ ಹೋರಾಟದವರೂ ಗಮನಿಸಿದ್ದು ಕಡಿಮೆ. ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ನಿಯಮಗಳು, 1995. ಅದರ 3ನೇ ನಿಯಮದ ಪ್ರಕಾರ ದೌರ್ಜನ್ಯ ನಡೆಯಬಹುದಾದ ಪ್ರದೇಶದಲ್ಲಿ, ಅಗತ್ಯ ಕಂಡ್ರೆ, ದಲಿತ ಆದಿವಾಸಿಗಳಲ್ಲದವರ ಕೋವಿ ಲೈಸೆನ್ಸ್ ರದ್ದು ಮಾಡಿ ಕೋವಿಯನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಅಗತ್ಯ ಬಿದ್ರೆ ದಲಿತ ಆದಿವಾಸಿಗಳಿಗೆ ಲೈಸೆನ್ಸ್ ಕೊಡಬೇಕು. ಈಗ ಹೇಳಿ, ಲೈಸೆನ್ಸೇ ಬೇಡದವರ ಯಾವ ಲೈಸೆನ್ಸನ್ನು ರದ್ದು ಮಾಡ್ತೀರಿ? ನಮ್ಮ ರಕ್ಷಣೆಗೆ ಬರೆದ ನಿಯಮ ನಮ್ಮ ಜಿಲ್ಲೆಯಲ್ಲೇ ಕೈಗೆ ಸಿಗದ ಹಾಗಾಗಿದೆ.

'ಆನೆ, ಹಂದಿ ಕಾಟ ಇದೆ, ಕೋವಿ ಬೇಕು' ಅಂತಾರೆ. ಕಾಟ ಇರೋದು ನಿಜ. ಆದ್ರೆ ಬೆಳಿಗ್ಗೆ ತೋಟದೊಳಗೆ ನಡೆದು ಹೋಗಿ ಆನೆಗೆ ಎದುರಾಗೋದು ಕಾಫಿ ಕುಯ್ಯೋ ಹೆಂಗಸರು. ಅವರ ಕೈಯಲ್ಲಿರೋದು ಬುತ್ತಿ ಮತ್ತು ಚೀಲ. ಕೈಲ್ ಮುಹೂರ್ತ, ಪುತ್ತರಿಯ ಕೋವಿ ಬಗ್ಗೆ ನನಗೆ ಗೌರವ ಇದೆ. ಯಾರ ಪೂಜೆಯ ಕೋವಿಯನ್ನೂ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೊಡವ ಗೆಳೆಯರಲ್ಲೂ ಈ ಮಾತು ಒಪ್ಪೋರಿದ್ದಾರೆ. ಲೈಸೆನ್ಸ್ ತಗೊಂಡ ಕೋವಿಗೆ ಹೂ ಮುಡಿಸಿದ್ರೆ ದೇವರು ಮುನಿಯಲ್ಲ.

'ಹಾಗಾದ್ರೆ ದಲಿತರಿಗೂ ಕೋವಿ ಬೇಕಾ?' ಅಂತ ಕಾಮೆಂಟ್ ಹಾಕೋರಿಗೆ ಮೊದಲೇ ಉತ್ತರ ಹೇಳಿಬಿಡ್ತೀನಿ. ಬೇಡ. ಈ ದೇಶದಲ್ಲಿ ತಳಜಾತಿಗಳು ಯಾಕೆ ತಿರುಗಿ ಬೀಳಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ವಿವರಿಸಿದ್ರು. ಆಯುಧ ಮತ್ತು ಅಕ್ಷರ ಎರಡನ್ನೂ ಜಾತಿ ನೋಡಿ ಕಿತ್ಕೊಂಡಿದ್ರು ಅಂತ. ಅವರು ನಮ್ಮ ಕೈಗೆ ಕೊಟ್ಟು ಹೋಗಿದ್ದು ಅಕ್ಷರ ಮತ್ತು ಸಂವಿಧಾನ. ಅದರ 14ನೇ ವಿಧಿ ಸಾಕು ನಮಗೆ.

2029 ದೂರ ಇಲ್ಲ. ಫೈಲು ಮತ್ತೆ ಸದ್ದಿಲ್ಲದೆ ಮುಂದುವರಿಯೋ ಮೊದಲು ಮೂರು ಮಾತು ಬರವಣಿಗೆಯಲ್ಲಿ ಹೋಗಬೇಕು.

ಒಂದು, ವಿನಾಯಿತಿಯಿಂದ ಜನಾಂಗ ಮತ್ತು ಜಮ್ಮಾ ಅನ್ನೋ ಅಳತೆಗೋಲು ತೆಗೀರಿ. ಕೋವಿ ಬೇಕಾದ ಎಲ್ಲರಿಗೂ ಒಂದೇ ಅರ್ಜಿ, ಒಂದೇ ತನಿಖೆ ಇರಲಿ.

ಎರಡು, ವಿನಾಯಿತಿ ಇರೋ ಕೋವಿಗಳಿಗೆ 1995ರ ನಿಯಮ ಹೇಗೆ ಅನ್ವಯಿಸುತ್ತೆ ಅಂತ ಜಿಲ್ಲಾಡಳಿತ ಲಿಖಿತವಾಗಿ ಹೇಳಲಿ.

ಮೂರು, ಲೈನ್ ಮನೆಯವರಿಗೆ ನಿವೇಶನ ಮತ್ತು ಹಕ್ಕುಪತ್ರ ಕೊಡಿ. ಬ್ಯಾಂಕಿನ ಸಾಲ ಸಿಗೋ ಹಾಗಾದ್ರೆ ಕೋವಿ ಇರೋ ಮನೆಯ ಮುಂಗಡ ಬೇಕಾಗಲ್ಲ. ಮೂರರಲ್ಲಿ ನನಗೆ ದೊಡ್ಡದು ಇದೇ.

ಕೊಡಗಿನ ಸಂಘಟನೆಗಳು ಒಟ್ಟು ಕೂತು ಮಾತಾಡೋಣ. ಮನವಿ ಕರಡು ಮಾಡೋ ಕೆಲಸ ನನಗಿರಲಿ. ಸಹಿ ನಿಮ್ಮದಿರಲಿ.

ಜೈ ಭೀಮ್.